ಕೇಳದೆ ಬಂದ ಸೂರು

ನಮ್ಮ ಓಣಿಯ ಇಸ್ತ್ರಿಯಾಕೆಗೆ ಬೇಡಮ್ಮ ಎಂದು ಹೆಸರಿಟ್ಟವರು ಮಕ್ಕಳು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಆ ಹೆಸರು ಆಕೆಯ ಕಿವಿಗೆ ಬಿದ್ದಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಚಹಾ ಕುಡೀತೀರಾ ಎಂದರೆ ಬೇಡ. ನಿಂತೇ ಇದ್ದೀರಲ್ಲ, ಕುರ್ಚಿ ಕೊಡಲಾ ಎಂದರೆ ಬೇಡ. ಗಂಟು ಭಾರವಿದೆ, ಒಂದು ಕೈ ಹಿಡಿಯಲಾ ಎಂದರೆ, ಕೇಳಿದವನನ್ನು ಕಳ್ಳನನ್ನು ನೋಡುವ ಹಾಗೆ ನೋಡಿ, ಬೇಡ. ಆಕೆಯ ಬೇಡದಲ್ಲಿ ಒರಟುತನವಿರಲಿಲ್ಲ. ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಬಾಗಿಲು ಹಾಕಿ ಒಳಗಿನಿಂದ ಚಿಲಕ ಹಾಕಿಕೊಂಡವರ ಹತ್ತಿರ ಜಗಳ ಆಡುವುದಾದರೂ ಹೇಗೆ?

ನಾನು ಎದುರುಮನೆಯ ಟೈಲರ್. ನನ್ನ ಹೊಲಿಗೆ ಯಂತ್ರ ಕಿಟಕಿಯ ಪಕ್ಕದಲ್ಲಿದೆ. ಆಕೆಯ ಇಸ್ತ್ರಿ ಮೇಜು ಮನೆಯ ಮುಂದೆ, ಗೋಡೆಯಿಂದ ಚಾಚಿಕೊಂಡ ತಗಡಿನ ಕೆಳಗೆ. ನಡುವೆ ಒಂದು ಲಾರಿ ಕಷ್ಟಪಟ್ಟು ಹೋಗುವಷ್ಟು ಜಾಗ. ನಾನು ಹೊಲಿದದ್ದನ್ನು ಆಕೆ ಇಸ್ತ್ರಿ ಮಾಡುತ್ತಿದ್ದಳು, ದುಡ್ಡು ಅಲ್ಲಿಂದಲ್ಲಿಗೇ. ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ಎದುರುಮನೆಯವಳ ಮುಖ ನೋಡಿದ್ದೀರಿ ಎಂದು ನನ್ನಾಕೆ ಆಗಾಗ ಚುಚ್ಚುತ್ತಾಳೆ. ಸುಳ್ಳಲ್ಲ, ಆದರೆ ಅದರಲ್ಲಿ ನನ್ನ ತಪ್ಪೇನಿದೆ? ಬೆಳಕು ಆ ಕಡೆಯಿಂದ ಬರುತ್ತದೆ.

ಮೇಜಿನ ಮೇಲೆ ಮಡಚಿ ಹಾಸಿದ ಕಂಬಳಿ, ಅದರ ಮೇಲೆ ಸುಟ್ಟ ಕಲೆಗಳಿದ್ದ ಬಿಳಿ ಬಟ್ಟೆ, ಪಕ್ಕದಲ್ಲಿ ನೀರಿನ ಡಬ್ಬ. ಇಸ್ತ್ರಿಪೆಟ್ಟಿಗೆ ಇದ್ದಿಲಿನದು. ಕರೆಂಟಿನದು ತಗೊಳ್ಳಿ ಎಂದು ಹೇಳಿದವರಿಗೆಲ್ಲ ಒಂದೇ ಉತ್ತರ: “ಕರೆಂಟು ಇನ್ನೊಬ್ಬರ ಕೈಯಲ್ಲಿರುತ್ತೆ. ಕೆಂಡ ನನ್ನ ಕೈಯಲ್ಲಿರುತ್ತೆ.” ಶಾಲೆ ಬಿಟ್ಟ ಮೇಲೆ ಓಣಿಯ ಮಕ್ಕಳು ಆ ಮೇಜಿನ ಸುತ್ತ ಸೇರುತ್ತಿದ್ದವು. ಚಳಿಯ ದಿನಗಳಲ್ಲಿ ಅಲ್ಲಿ ಬೆಚ್ಚಗಿರುತ್ತಿತ್ತು. ಆಕೆ ಅವರನ್ನು ಓಡಿಸಲಿಲ್ಲ, ಮುದ್ದೂ ಮಾಡಲಿಲ್ಲ. ಯಾರಾದರೂ ಒಂದು ಕರ್ಚೀಫು ಮಡಚಿಕೊಟ್ಟರೆ ತಕ್ಷಣ ಡಬ್ಬಿಯಿಂದ ಒಂದು ಪೆಪ್ಪರಮಿಂಟು ಕೊಡುತ್ತಿದ್ದಳು. ಎಳೇ ಮಕ್ಕಳ ಹಂಗೂ ತನ್ನ ಮೇಲೆ ಇರಬಾರದು ಎಂಬ ಹಟ ಅದು. ಮಕ್ಕಳಿಗೆ ಅದು ಗೊತ್ತಾಗುತ್ತಿರಲಿಲ್ಲ, ಪೆಪ್ಪರಮಿಂಟು ಸಿಹಿಯಾಗಿರುತ್ತಿತ್ತು.

ನನ್ನಾಕೆ ಒಮ್ಮೆ ಉಳಿದ ಬಟ್ಟೆಯಲ್ಲಿ ಎರಡು ದಿಂಬಿನ ಚೀಲ ಹೊಲಿದು, ಯಾರೂ ಇಲ್ಲದ ಹೊತ್ತಿನಲ್ಲಿ ಆ ಮೇಜಿನ ಮೇಲೆ ಇಟ್ಟು ಬಂದಳು. ಮರುದಿನ ಬೆಳಿಗ್ಗೆ ಅವು ನಮ್ಮ ಹೊಸ್ತಿಲ ಮೇಲಿದ್ದವು. ಇಸ್ತ್ರಿ ಮಾಡಿ, ಮೂಲೆಗೆ ಮೂಲೆ ಕೂಡಿಸಿ ಮಡಚಿಟ್ಟಿದ್ದಳು. ನನ್ನಾಕೆ ಎರಡು ದಿನ ಮುಖ ಊದಿಸಿಕೊಂಡು ಓಡಾಡಿದಳು, ಸಿಟ್ಟು ತೀರಿಸಿಕೊಂಡದ್ದು ನನ್ನ ಮೇಲೆ. ಓಣಿಯ ಕೊನೆಯಲ್ಲಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಾಳೆ. ಬೇಡಮ್ಮನಿಗೆ ಜ್ವರ ಬಂದು ಮಲಗಿದಾಗ ಅವಳು ಬಿಸಿಬಿಸಿ ಊಟ ಕಳಿಸಿದ್ದಳು. ಪಾತ್ರೆ ಹೋದ ಹಾಗೇ, ಮುಚ್ಚಳ ಕೂಡ ತೆಗೆಯದೆ ವಾಪಸು ಬಂತು. ಅಂದಿನಿಂದ ಕ್ಯಾಂಟೀನಿನವಳು ಆ ಮೇಜಿನ ಮುಂದೆ ಹಾದುಹೋಗುವಾಗ ಎದುರಿನ ಗೋಡೆ ನೋಡಿಕೊಂಡು ಹೋಗುತ್ತಿದ್ದಳು.

ಇದು ಹುಟ್ಟುಗುಣ, ದುರಹಂಕಾರ ಎಂದು ಓಣಿಯವರು ತೀರ್ಮಾನ ಮಾಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಇದ್ದಿಲಿನವನು ಬಾರದೆ ಆಕೆ ಕೈಕಟ್ಟಿ ಕೂರಬೇಕಾಗಿ ಬಂದ ಒಂದು ಬೆಳಿಗ್ಗೆ ತಾನಾಗಿಯೇ ನನಗೆ ಕಾರಣ ಹೇಳಿದಳು. ತಾಯಿ ಸತ್ತ ಮೇಲೆ ಆಕೆ ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅಲ್ಲಿ ಹೊಡೆತ ಬಡಿತ ಇರಲಿಲ್ಲ, ಹೊಟ್ಟೆಗೂ ಕಡಿಮೆ ಮಾಡಿರಲಿಲ್ಲ. ಆದರೆ ಅತ್ತೆಗೆ ಕೊಟ್ಟದ್ದನ್ನು ಮರೆಯುವ ಅಭ್ಯಾಸವಿರಲಿಲ್ಲ. ತನ್ನ ಮಗಳಿಗೆ ಗಿಡ್ಡವಾದ ಉಣ್ಣೆಯ ಕೋಟೊಂದನ್ನು ಈಕೆಗೆ ಕೊಟ್ಟಿದ್ದಳು. ಮನೆಗೆ ಯಾರೇ ಬರಲಿ, ಈಕೆಯನ್ನು ನಡುಮನೆಗೆ ಕರೆದು ನಿಲ್ಲಿಸಿ, “ಆ ಕೋಟು ನಮ್ಮ ಮಗಳದು, ಇವಳಿಗೆ ಕೊಟ್ವಿ” ಎನ್ನುತ್ತಿದ್ದಳು. ಬಂದವರು ಮೇಲಿಂದ ಕೆಳಗೆ ನೋಡಿ ತಲೆ ಆಡಿಸುತ್ತಿದ್ದರು. ಒಂದು ದಿನ ಹುಡುಗಿ ಕೋಟನ್ನು ಮೊಳೆಗೆ ನೇತುಹಾಕಿದವಳು ಮತ್ತೆ ಮುಟ್ಟಲಿಲ್ಲ. ಆ ಚಳಿಗಾಲ ಪೂರ್ತಿ ನಡುಗಿಕೊಂಡೇ ಶಾಲೆಗೆ ಹೋದಳು. ಮುಂದಿನ ಚಳಿಗಾಲಕ್ಕೆ ಶಾಲೆ ಬಿಟ್ಟು ಲಾಂಡ್ರಿಯೊಂದಕ್ಕೆ ಸೇರಿದಳು.

“ಚಳಿ ತಡ್ಕೋಬಹುದು ಟೈಲರಪ್ಪ. ಅದನ್ನ ತಡ್ಕೊಳ್ಳೋಕಾಗಲ್ಲ,” ಎಂದಳು.

ಎಂಟೋ ಹತ್ತೋ ವರ್ಷದ ಹುಡುಗಿ ನಡುಮನೆಯಲ್ಲಿ ನಿಂತದ್ದು ನನ್ನ ಕಣ್ಣ ಮುಂದೆ ಬಂತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ನಾನು ಕನಿಕರ ತೋರಿಸಲು ಹೊರಟಿದ್ದು ಆಕೆಗೆ ಗೊತ್ತಾಗಿರಬೇಕು. “ನಿನ್ನ ದಾರ ಕೆಳಗೆ ಬಿದ್ದಿದೆ ನೋಡು,” ಎಂದು ಎದ್ದುಹೋದಳು. ಲಾಂಡ್ರಿಯಲ್ಲೇ ಜೊತೆಯವನೊಬ್ಬನನ್ನು ಮದುವೆಯಾಗಿ ಈ ಓಣಿಗೆ ಬಂದದ್ದು, ಮಕ್ಕಳಾಗದೆ ಇದ್ದದ್ದು, ಗಂಡ ಕೆಮ್ಮಿ ಕೆಮ್ಮಿ ಸತ್ತದ್ದು, ಇವೆಲ್ಲ ನಮಗೆ ಗೊತ್ತಿದ್ದ ಸಂಗತಿಗಳು. ಆಕೆ ಅವನ್ನು ಹೇಳಲೂ ಇಲ್ಲ.

ಮನೆ ಎಂದರೆ ಒಂದು ಕೋಣೆ, ಹಿಂದೆ ಒಲೆ ಇಡುವಷ್ಟು ಜಾಗ. ಮೇಲಿನ ತಗಡು ಗಂಡ ಇದ್ದಾಗ ಹೊದಿಸಿದ್ದು, ತುಕ್ಕು ಹಿಡಿದು ಜಾಲರಿಯಾಗಿತ್ತು. ಆಕೆಯೇ ಏಣಿ ಹತ್ತಿ ತೂತುಗಳಿಗೆ ಡಾಂಬರು ಮೆತ್ತುತ್ತಿದ್ದಳು. ಡಾಂಬರು ಮೆತ್ತಿದ ಕಡೆ ಬಿಟ್ಟು ಉಳಿದ ಕಡೆಯೆಲ್ಲ ಸೋರುತ್ತಿತ್ತು. ಮಳೆ ಬಂತೆಂದರೆ ಮನೆಯ ಪಾತ್ರೆ ಪಡಗವೆಲ್ಲ ನೆಲಕ್ಕಿಳಿಯುತ್ತಿದ್ದವು. ಗಿರಾಕಿಗಳ ಬಟ್ಟೆಯನ್ನು ಮಾತ್ರ ಒಂದು ಸಲವೂ ನೆನೆಯಗೊಡಲಿಲ್ಲ. ಹೇಗೆ ಎಂದು ನಮಗೆ ಗೊತ್ತಿರಲಿಲ್ಲ. ಮಳೆಯಲ್ಲಿ ಆ ಮನೆಯೊಳಗೆ ಯಾರೂ ಹೋದವರಿರಲಿಲ್ಲ, ಒಬ್ಬಳನ್ನು ಬಿಟ್ಟು.

ಆ ಒಬ್ಬಳು ಕ್ಯಾಂಟೀನಿನವಳ ಮಗಳು. ಒಂಬತ್ತು ವರ್ಷ. ಮಾತಿಗೆ ಮಾತು ಜೋಡಿಸಿ ದೊಡ್ಡವರ ಬಾಯಿ ಮುಚ್ಚಿಸುತ್ತಿದ್ದುದರಿಂದ ಅವಳಿಗೆ ಲಾಯರು ಎಂದು ಹೆಸರಾಗಿತ್ತು. ಒಂದು ಮಧ್ಯಾಹ್ನ ಜೋರುಮಳೆಗೆ ಸಿಕ್ಕಿ ಬೇಡಮ್ಮನ ಬಾಗಿಲು ತಳ್ಳಿ ಒಳಗೆ ನುಗ್ಗಿದಳಂತೆ. ಬೇಡಮ್ಮ ಮಂಚದ ಮೇಲೆ ಬೆನ್ನು ಬಾಗಿಸಿ ಕೂತಿದ್ದಳು. ಮಡಿಲಲ್ಲಿ ಪ್ಲಾಸ್ಟಿಕ್ ಸುತ್ತಿದ ಬಟ್ಟೆಯ ಗಂಟು, ಮೇಲೆ ಹಿಡಿದ ಕೊಡೆ ಗಂಟಿನ ಮೇಲೆ ಮಾತ್ರ. ಬೆನ್ನ ಮೇಲೆ ನೀರು ಧಾರಾಕಾರ. ಹುಡುಗಿಯನ್ನು ಕಂಡು, “ಯಾರಿಗೂ ಹೇಳ್ಬೇಡ,” ಎಂದು ಒಂದು ಪೆಪ್ಪರಮಿಂಟು ಕೊಟ್ಟಳು. ಲಾಯರು ಪೆಪ್ಪರಮಿಂಟು ತಿಂದಳು, ಹೇಳಬೇಡ ಎಂದದ್ದಕ್ಕೂ ಒಪ್ಪಿಕೊಂಡಳು. ಇದನ್ನು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ಪ್ರತಿ ವರ್ಷ ಶಾಲೆಗೆ ರಜೆ ಬಿಟ್ಟಾಗ ನಮ್ಮ ಬಡಾವಣೆಗೆ ಮಿಷನ್‌ನವರು ಬರುತ್ತಾರೆ. ದೂರದ ಊರಿನ ಚರ್ಚೊಂದರ ತಂಡ. ಒಂದು ವಾರ ಶಾಲೆಯ ಕೋಣೆಗಳಲ್ಲಿ ಹಾಸಿಗೆ ಹಾಸಿ ಮಲಗುತ್ತಾರೆ. ಬೆಳಿಗ್ಗೆಯಿಂದ ಯಾರದಾದರೂ ಮನೆ ರಿಪೇರಿ, ಬಿಸಿಲು ಇಳಿದ ಮೇಲೆ ಆ ಮನೆಯ ಓಣಿಯ ಮಕ್ಕಳ ಜೊತೆ ಆಟ, ಹಾಡು, ಚಿತ್ರ ಬರೆಯುವುದು. ಕೂಲಿ ತೆಗೆದುಕೊಳ್ಳುವುದಿಲ್ಲ. ಪುಕ್ಕಟೆ ದುಡಿಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಗುಮಾನಿ. ಒಂದೆರಡು ವರ್ಷ ಕಣ್ಣಿಟ್ಟು ಕಾದೆ, ಏನಾದರೂ ಹುಳುಕು ಸಿಗಲಿ ಎಂದು. ಸಿಕ್ಕಿದ್ದು ಇಷ್ಟೇ: ಅವರಲ್ಲಿ ನಿಜವಾದ ಬಡಗಿ ಒಬ್ಬನೇ. ಉಳಿದವರು ಬೇಕರಿಯವ, ಬ್ಯಾಂಕಿನ ಗುಮಾಸ್ತ, ಕಾಲೇಜು ಹುಡುಗಿಯರು. ಗುಮಾಸ್ತ ಪ್ರತಿ ಹಲಗೆಯನ್ನೂ ಮೂರು ಸಲ ಅಳೆದು ಗಿಡ್ಡವಾಗಿ ಕೊಯ್ಯುತ್ತಿದ್ದ. ಹಿಂದಿನ ವರ್ಷದ ಮಕ್ಕಳ ಹೆಸರು, ಯಾರ ಹಲ್ಲು ಬಿದ್ದಿತ್ತು, ಯಾರ ತಮ್ಮ ಹುಟ್ಟುವವನಿದ್ದ ಎಂಬುದೆಲ್ಲ ಅವರಿಗೆ ನೆನಪಿರುತ್ತಿತ್ತು. ಅದು ನನಗೆ ಹಿಡಿಸಿತು. ಗುಮಾನಿಯನ್ನು ಪೂರ್ತಿ ಬಿಟ್ಟೆನೆಂದು ಹೇಳಲಾರೆ.

ತಂಡದ ಹಿರಿಯಳು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಎಲ್ಲರೂ ಸಿಸ್ಟರ್ ಎನ್ನುತ್ತಿದ್ದರು. ಅವಳ ಕಟ್ಟುನಿಟ್ಟು ಆಸ್ಪತ್ರೆಯದೇ. ಕರೆಯದವರ ಮನೆಯನ್ನು ಅವರು ಮುಟ್ಟುತ್ತಿರಲಿಲ್ಲ. ಕರೆದವರ ಮನೆಯಲ್ಲೂ ಮೊದಲ ಏಟು ಮನೆಯವರದ್ದೇ ಆಗಬೇಕು. ಸುತ್ತಿಗೆಯನ್ನು ಮನೆಯವರ ಕೈಗೆ ಕೊಟ್ಟು, ಅವರು ಒಂದು ಮೊಳೆ ಕಿತ್ತೋ ಗೋಡೆಗೆ ಒಂದು ಪೆಟ್ಟು ಹಾಕಿಯೋ ಆದ ಮೇಲೆ ತಂಡ ಕೈ ಹಚ್ಚುತ್ತಿತ್ತು. ಮನೆ ನಿಮ್ಮದು, ನಾವು ಕೈಯಾಳು ಅಷ್ಟೇ ಎಂದು ತೋರಿಸುವುದಕ್ಕೆ. ಇನ್ನೊಂದು ನಿಯಮ, ಮನೆಯವರಿಂದ ಏನೂ ತೆಗೆದುಕೊಳ್ಳುವುದಿಲ್ಲ. ಕುಡಿಯುವ ನೀರನ್ನು ಕೂಡ ಶಾಲೆಯಿಂದ ಕ್ಯಾನಿನಲ್ಲಿ ಹೊತ್ತು ತರುತ್ತಿದ್ದರು.

ಆ ವರ್ಷ ಅವರು ಮೊದಲ ಸಲ ನಮ್ಮ ಓಣಿಗೆ ಬಂದರು, ಬಸ್ ಡ್ರೈವರನ ಮನೆಯ ಸೂರು ಹೊದಿಸಲು. ಹೊಸ ತಗಡು, ತೊಲೆ, ಮರದ ಪಟ್ಟಿ, ಎಲ್ಲ ಲಾರಿಯಲ್ಲಿ ಬಂದಿತ್ತು. ನೋಡಿದರೆ ಡ್ರೈವರನ ಅಳಿಯ ಅವರಿಗಿಂತ ಮೊದಲೇ ಬಂದು ಹೊದಿಸಿ ಹೋಗಿದ್ದ. ಡ್ರೈವರ್ ತಿಳಿಸಲು ಮರೆತಿದ್ದ. ಲಾರಿ ಓಣಿಯಲ್ಲಿ ಅಡ್ಡ ನಿಂತಿತು. ಸುತ್ತ ಸೇರಿದ್ದ ಮಕ್ಕಳನ್ನು ಸಿಸ್ಟರ್ ಕೇಳಿದಳು:

“ಮಳೆ ಬಂದ್ರೆ ಇಲ್ಲಿ ಯಾರ ಮನೆ ಸೋರುತ್ತೆ?”

ಮಕ್ಕಳೆಲ್ಲ ಒಂದೇ ಉಸಿರಿಗೆ ಬೇಡಮ್ಮನ ಮನೆ ತೋರಿಸಿದವು. ಬಾಗಿಲಿಗೆ ಬೀಗ. ಆಕೆ ಊರಿನ ಆ ತುದಿಯ ಹಾಸ್ಟೆಲ್ಲಿಗೆ ಇಸ್ತ್ರಿ ಮಾಡಿದ ಬೆಡ್‌ಶೀಟುಗಳನ್ನು ಕೈಗಾಡಿಯಲ್ಲಿ ಹಾಕಿಕೊಂಡು ಹೋಗಿದ್ದಳು.

“ಕರೀದೆ ನಾವು ಮಾಡೋ ಹಾಗಿಲ್ಲ,” ಎಂದಳು ಸಿಸ್ಟರ್.

ಆಗ ಲಾಯರು ಮುಂದೆ ಬಂದಳು. “ಕರೆದಿದ್ದಾರೆ. ನಂಗೆ ಹೇಳಿ ಹೋಗಿದ್ದಾರೆ, ಮಿಷನ್‌ನವರು ಬಂದ್ರೆ ಶುರು ಮಾಡೋಕೆ ಹೇಳು ಅಂತ.”

“ನೀನು ಅವರಿಗೇನಾಗ್ಬೇಕು?”

“ಮೊಮ್ಮಗಳು.”

ಸಿಸ್ಟರ್ ಮಕ್ಕಳ ಮಾತಿಗೆ ಸೂರು ಕೀಳುವವಳಲ್ಲ. ಸುತ್ತ ಕಣ್ಣು ಹಾಯಿಸಿದಳು. ನಮ್ಮ ಕಿಟಕಿಯಲ್ಲಿ ನನ್ನಾಕೆ ನಿಂತಿದ್ದಳು. “ಹೌದಾ ಅಮ್ಮ?” ಎಂದು ಕೇಳಿದಳು. ನನ್ನಾಕೆ ಕಣ್ಣು ಮಿಟುಕಿಸದೆ, “ಹೌದು, ಅವರ ಮೊಮ್ಮಗಳೇ,” ಎಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕತ್ತಿನಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ಹಿಡಿದು ಒಳಗೆಳೆದಳು. “ನೀವು ಗುಂಡಿ ಹೊಲೀರಿ.” ದಿಂಬಿನ ಚೀಲದ ಸಿಟ್ಟು ಅಂದಿನವರೆಗೂ ಇಳಿದಿರಲಿಲ್ಲ ಎಂದು ನನಗೆ ಆಗ ತಿಳಿಯಿತು.

ಬೀಗದ ಕೈ ಇದ್ದಿಲ ಡಬ್ಬದ ಕೆಳಗಿರುತ್ತದೆ ಎಂದು ಲಾಯರಿಗೆ ಗೊತ್ತಿತ್ತು. ಮಂಚ, ಟ್ರಂಕು, ಪಾತ್ರೆಗಳು ನಮ್ಮ ಮನೆ ಮುಂದೆ ಬಂದವು. ಹುಡುಗಿಯನ್ನು ಬಡಗಿ ಏಣಿಯ ಮೇಲೆ ಹಿಡಿದು ನಿಲ್ಲಿಸಿ ಸುತ್ತಿಗೆ ಕೊಟ್ಟ. ಅವಳು ತಗಡಿನ ಅಂಚಿಗೆ ಒಂದು ಪೆಟ್ಟು ಹಾಕಿದಳು. ತುಕ್ಕು ಪುಡಿಪುಡಿಯಾಗಿ ಎಲ್ಲರ ತಲೆಯ ಮೇಲೆ ಉದುರಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಸೂರು ಪೂರ್ತಿ ಕೆಳಗಿಳಿದಿತ್ತು.

ಬೇಡಮ್ಮ ಖಾಲಿ ಕೈಗಾಡಿ ತಳ್ಳಿಕೊಂಡು ಓಣಿಯ ತಿರುವಿಗೆ ಬಂದವಳು ತನ್ನ ಮಂಚ ಬೀದಿಯಲ್ಲಿರುವುದನ್ನು ಕಂಡು ನಿಂತಳು. ಆಮೇಲೆ ತಲೆಯೆತ್ತಿ ನೋಡಿದಳು. ಮನೆಯೊಳಗೆ ಬಿಸಿಲು ಬಿದ್ದಿತ್ತು. ಗಾಡಿಯನ್ನು ಅಲ್ಲೇ ಬಿಟ್ಟು ನಿಧಾನವಾಗಿ ನಡೆದು ಬಂದಳು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಬಂದ್ರಾ ಅಜ್ಜಿ,” ಎಂದಳು ಸಿಸ್ಟರ್. “ಹಳೇ ತಗಡು ಮುಟ್ಟಿದ ಕಡೆಯೆಲ್ಲ ಪುಡಿಯಾಯ್ತು. ನೀವು ಹೇಳಿ ಕಳಿಸಿದ್ದೇ ಒಳ್ಳೇದಾಯ್ತು.”

“ನಾನು ಹೇಳಿ ಕಳಿಸಿದ್ನಾ?”

“ನಿಮ್ಮ ಮೊಮ್ಮಗಳು ಹೇಳಿದ್ಲು. ಮೊದಲ ಏಟೂ ಅವಳದೇ.”

“ಯಾವ ಮೊಮ್ಮಗಳು?”

ಸಿಸ್ಟರ್ ಕೈ ತೋರಿಸಿದಳು. ಲಾಯರು ಸುತ್ತಿಗೆಯನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದಳು. ಎಂದೂ ಬಾಯಿ ಕಟ್ಟದವಳ ಬಾಯಿ ಕಟ್ಟಿತ್ತು. ಸಿಸ್ಟರಿನ ಮುಖದಲ್ಲಿ ಅನುಮಾನ ಮೂಡುತ್ತಿರುವುದು ನನಗೆ ಕಿಟಕಿಯಿಂದಲೇ ಕಂಡಿತು. ಇಡೀ ಓಣಿ ಅಲ್ಲಿತ್ತು. ಇಲ್ಲ ಎಂದರೆ ಆ ಮಗು ಎಲ್ಲರೆದುರು ಸುಳ್ಳಿಯಾಗಿ ನಿಲ್ಲುತ್ತಿತ್ತು. ಹೌದು ಎಂದರೆ ಬೇಡಮ್ಮ ಹುಡುಗಿಯಾಗಿದ್ದಾಗಿನಿಂದ ಯಾವುದರಿಂದ ಓಡಿಬಂದಿದ್ದಳೋ ಅದೇ ಅವಳ ತಲೆಯ ಮೇಲೆ ತಗಡಾಗಿ ಕೂರುತ್ತಿತ್ತು, ಸಾಯುವ ತನಕ. ಬೇಡ ಎಂಬ ಮಾತು ಆಕೆಯ ಗಂಟಲಿನ ತನಕ ಬಂದದ್ದನ್ನು ನಾನು ನೋಡಿದೆ. ಅಷ್ಟು ವರ್ಷ ನೋಡಿದ ಮುಖ, ಗೊತ್ತಾಗದೆ ಇರುತ್ತದೆಯೇ?

“ಇವಳಾ,” ಎಂದಳು. “ಹೌದು, ನನ್ನ ಮೊಮ್ಮಗಳೇ.” ಆಮೇಲೆ ಹುಡುಗಿಯ ಕಡೆ ಕೈ ಚಾಚಿದಳು. “ಸುತ್ತಿಗೆ ಕೊಡು ಇಲ್ಲಿ. ಹಿಡ್ಕೊಳ್ಳೋ ರೀತೀನಾ ಅದು?”

ಸಿಸ್ಟರ್ ಮಗುವಿನ ಹೆಸರು ಕೇಳಿದಳು. ಬೇಡಮ್ಮನಿಗೆ ಗೊತ್ತಿರಲಿಲ್ಲ. “ಮನೇಲಿ ಲಾಯರು ಅಂತೀವಿ,” ಎಂದು ಒಳಗೆ ಹೋದಳು.

ಅಂದು ಸಂಜೆ ಕ್ಯಾಂಟೀನಿನವಳು ಕೆಲಸದಿಂದ ಬಂದಾಗ ಓಣಿ ಅವಳಿಗೆ ಸುದ್ದಿ ಮುಟ್ಟಿಸಿತು. ಮಗಳ ಕಿವಿ ಹಿಡಿದು ಎಳೆದುಕೊಂಡು ಹೋದದ್ದನ್ನೂ, “ನಿಂಗೆ ಇರೋ ಅಜ್ಜಿ ಸಾಲ್ದಾ?” ಎಂದು ಗದರಿದ್ದನ್ನೂ ಎಲ್ಲರೂ ಕೇಳಿದರು. ಆದರೆ ಬಂದು ಸಿಸ್ಟರಿಗೆ ನಿಜ ಹೇಳಲಿಲ್ಲ. “ಅವರೇ ಹೌದು ಅಂದಿದ್ದಾರಂತೆ. ನಾನ್ಯಾಕೆ ಇಲ್ಲ ಅನ್ನಲಿ,” ಎಂದು ನನ್ನಾಕೆಯ ಮುಂದೆ ಹೇಳಿದಳಂತೆ. ಮಗಳು ಆ ಮನೆ ಹತ್ತಿರ ಹೋಗುವುದನ್ನು ತಡೆಯಲೂ ಇಲ್ಲ, ತಾನು ಅತ್ತ ಸುಳಿಯಲೂ ಇಲ್ಲ.

ಆ ವಾರ ಬೇಡಮ್ಮ ಆಳಿಗಿಂತ ಹೆಚ್ಚು ದುಡಿದಳು. ಮಲಗಿದ್ದು ಇಸ್ತ್ರಿ ಮೇಜಿನ ಪಕ್ಕದಲ್ಲೇ. ನಮ್ಮ ನಡುಮನೆಯಲ್ಲಿ ಮಲಗಿ ಎಂದು ನನ್ನಾಕೆ ಕರೆದದ್ದಕ್ಕೆ ಏನು ಉತ್ತರ ಬಂತೆಂದು ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಗಿರಾಕಿಗಳ ಬಟ್ಟೆ ಮುಗಿಸಿ ಏಣಿಯ ಕೆಳಗೆ ನಿಲ್ಲುತ್ತಿದ್ದಳು. ಸ್ಕ್ರೂ ಎತ್ತಿಕೊಡುವುದು, ಹಲಗೆ ಹಿಡಿಯುವುದು, ಕಸ ಹೊರುವುದು. ಗುಮಾಸ್ತ ಮೂರನೆಯ ಸಲ ಅಳೆಯಲು ಹೋದರೆ, “ಅದೇನು ಅಷ್ಟರಲ್ಲಿ ಬೆಳೆದುಬಿಡುತ್ತಾ?” ಎನ್ನುತ್ತಿದ್ದಳು. ಅವನು ಆಕೆಗೆ ಹೆದರಿ ಸರಿಯಾಗಿ ಕೊಯ್ಯಲು ಕಲಿತ. ಸಂಜೆ ಮಕ್ಕಳ ಆಟ ಬೇಡಮ್ಮನ ಮನೆಯ ಮುಂದೆಯೇ ನಡೆಯುತ್ತಿತ್ತು. ಕಾಲೇಜು ಹುಡುಗಿಯೊಬ್ಬಳು ಮಕ್ಕಳಿಗೆ ಮನೆಯ ಚಿತ್ರ ಬರೆಯಲು ಹೇಳಿದರೆ ಎಲ್ಲವೂ ಸೂರಿಲ್ಲದ ಮನೆಯನ್ನೇ ಬರೆದವು, ಅದೇ ಅವರಿಗೆ ಹೊಸತು. ಲಾಯರು ದಿನವಿಡೀ ಆಕೆಯನ್ನು ಅಜ್ಜಿ ಅಜ್ಜಿ ಎಂದು ಕೂಗುತ್ತಿದ್ದಳು, ಬೇಕೆಂದೇ ಜೋರಾಗಿ. ಬೇಡಮ್ಮ ಮೊದಮೊದಲು ಸಿಡಿಮಿಡಿಗೊಳ್ಳುತ್ತಿದ್ದಳು. ಆಮೇಲೆ ಓಗೊಡತೊಡಗಿದಳು.

ಆದರೆ ಆಕೆಯ ತಲೆಯೊಳಗೆ ಏನು ನಡೆಯುತ್ತಿತ್ತೆಂದು ನನಗೆ ಗೊತ್ತಿತ್ತು. ಹೊರಡುವ ದಿನ ಬೆಳಿಗ್ಗೆ ಅದು ಹೊರಗೆ ಬಂತು. ಸೂರು ಮುಗಿದಿತ್ತು, ತಂಡ ಸಾಮಾನುಗಳನ್ನು ಲಾರಿಗೆ ಏರಿಸುತ್ತಿತ್ತು. ಬೇಡಮ್ಮ ಇಸ್ತ್ರಿಪೆಟ್ಟಿಗೆಯ ತಳವನ್ನು ಉಜ್ಜಿ ಹೊಳೆಯುವಂತೆ ಮಾಡಿದ್ದಳು. ಮೇಜಿನ ಮೇಲೆ ಕಲೆಯಿಲ್ಲದ ಬಿಳಿ ಬಟ್ಟೆ ಹಾಸಿದ್ದಳು. ಪೆಟ್ಟಿಗೆಯ ತುಂಬ ಕೆಂಡ ನಿಗಿನಿಗಿ ಅನ್ನುತ್ತಿತ್ತು.

“ಸಿಸ್ಟರ್, ನಿಮ್ಮೆಲ್ಲರ ಅಂಗಿ ತನ್ನಿ,” ಎಂದಳು. “ಇಸ್ತ್ರಿ ಮಾಡ್ಕೊಡ್ತೀನಿ. ಅದನ್ನ ಹಾಕ್ಕೊಂಡು ಹೊರಡಿ.”

“ಬೇಡ ಅಜ್ಜಿ,” ಎಂದಳು ಸಿಸ್ಟರ್.

ಬೇಡಮ್ಮನಿಗೆ ತಾನು ಕೇಳಿದ್ದು ನಂಬಿಕೆಯಾಗಲಿಲ್ಲ. “ಏನು?”

“ನಾವು ಏನೂ ತಗೊಳ್ಳಲ್ಲ ಅಜ್ಜಿ. ಹಿಂದೆ ತಗೋತಿದ್ವಿ. ಒಂದು ಮನೇಲಿ ಆ ತಾಯಿ ನಮಗೆ ಊಟ ಹಾಕೋಕೆ ಮನೆ ಪಾತ್ರೆ ಮಾರಿದ್ಲು. ಆಮೇಲೆ ಗೊತ್ತಾಯ್ತು.”

“ನಾನೇನು ಪಾತ್ರೆ ಮಾರ್ತಾ ಇಲ್ಲ. ಕೆಂಡ ಇದೆ, ಕೈ ಇದೆ.”

“ನಿಮ್ಮ ಹತ್ರ ತಗೊಂಡ್ರೆ ಪಕ್ಕದ ಮನೆಯವರು ತಾವೂ ಏನಾದ್ರೂ ಕೊಡ್ಬೇಕು ಅಂದ್ಕೋತಾರೆ. ಏನೂ ಇಲ್ಲದವರು ನಮ್ಮನ್ನ ಕರೆಯೋದೇ ಬಿಟ್ಬಿಡ್ತಾರೆ. ಬೇಜಾರು ಮಾಡ್ಕೋಬೇಡಿ.”

ಸಿಸ್ಟರಿನ ಮಾತಿನಲ್ಲಿ ನ್ಯಾಯವಿತ್ತು. ಬೇಡಮ್ಮನ ಮುಖ ಮಾತ್ರ ಸುಣ್ಣದ ಹಾಗೆ ಬೆಳ್ಳಗಾಯಿತು.

“ಹಾಗಾದ್ರೆ ತಗಡು ಬಿಚ್ಕೊಂಡು ಹೋಗಿ.”

ಲಾರಿಯ ಮೇಲಿದ್ದ ಗುಮಾಸ್ತ ಹೌಹಾರಿ ಸೂರಿನ ಕಡೆ ನೋಡಿದ. ಅದರ ಅರ್ಧದಷ್ಟು ಸ್ಕ್ರೂಗಳನ್ನು ತಿರುಗಿಸಿದವನು ಅವನೇ.

“ಅಜ್ಜಿ—”

“ಬಿಚ್ಕೊಂಡು ಹೋಗಿ ಅಂದೆ. ನನ್ನ ಹತ್ರ ಇರೋದು ಇದೊಂದೇ ಕೆಲಸ. ಬೇರೆ ಏನೂ ಬರಲ್ಲ ನಂಗೆ. ಅದನ್ನೇ ಬೇಡ ಅಂದ್ರೆ ನನ್ನನ್ನೇ ಬೇಡ ಅಂದ ಹಾಗಾಯ್ತು. ಅಷ್ಟು ಕಡೆಯಾದ್ನಾ ನಾನು?”

ಮೇಜಿಗೆ ಒರಗಿ ನಿಂತಿದ್ದ ಲಾಯರು ತಲೆಯೆತ್ತಿ ನೋಡಿದಳು. ಅವಳ ಮಾತಿನಲ್ಲಿ ಚೂರೂ ಕೊಂಕು ಇರಲಿಲ್ಲ. ಗೊತ್ತಾಗದ್ದನ್ನು ಕೇಳುವ ಹಾಗೆ ಕೇಳಿದಳು.

“ನೀನೂ ಎಲ್ರಿಗೂ ಹಾಗೇ ಅಂತೀಯಲ್ಲ ಅಜ್ಜಿ. ಅಮ್ಮ ಊಟ ಕಳಿಸಿದಾಗ ಬೇಡ ಅಂದ್ಯಲ್ಲ. ಅವತ್ತು ಅಮ್ಮ ಅತ್ತಿದ್ಲು.”

ಬೇಡಮ್ಮ ಹುಡುಗಿಯನ್ನು ನೋಡಿದಳು. “ಅತ್ತಿದ್ಲಾ?” ಎಂದಳು.

“ಹೂಂ. ನಾವು ಅಷ್ಟು ಕಡೆಯಾದ್ವಾ ಅಂತ.”

ಬೇಡಮ್ಮ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟಳು. ಕೊಟ್ಟವರೆಲ್ಲ ತನ್ನ ಅತ್ತೆಯಂಥವರೇ ಎಂದು ತಿಳಿದು ಆಕೆ ಬದುಕಿದ್ದಳು. ಕೊಡಲು ಬಂದು ಬರಿಗೈಯಲ್ಲಿ ನಿಂತವರಿಗೆ ಏನಾಗುತ್ತದೆ ಎಂದು ಅಂದಿನವರೆಗೆ ಆಕೆಗೆ ಯಾರೂ ಹೇಳಿರಲಿಲ್ಲ. ಹೇಳಬಹುದಾಗಿದ್ದ ನಾವೆಲ್ಲ ಮುಖ ಊದಿಸಿಕೊಂಡು ಸುಮ್ಮನಾಗಿದ್ದೆವು.

ಆಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡಗಳನ್ನು ಒಂದೊಂದಾಗಿ ಇಕ್ಕಳದಿಂದ ಎತ್ತಿ ನೀರಿನ ಬಕೆಟ್ಟಿಗೆ ಹಾಕಿದಳು. ಚುಂಯ್ ಎಂದು ಹಬೆ ಎದ್ದಿತು. ಎಲ್ಲ ಕೆಂಡ ಮುಗಿಯುವ ತನಕ ಸಿಸ್ಟರ್ ಕಾದಳು.

“ಆಯ್ತು ಸಿಸ್ಟರ್,” ಎಂದಳು ಬೇಡಮ್ಮ. “ಹಾಗೇ ಹೊರಡಿ. ಸೂರು ನಂಗೆ ಬೇಕಾಗಿತ್ತು. ಭಾಳ ದಿವಸದಿಂದ ಬೇಕಾಗಿತ್ತು.”

ಸಿಸ್ಟರ್ ಆಕೆಯ ಎರಡೂ ಕೈ ಹಿಡಿದುಕೊಂಡಳು. ಲಾರಿ ಹೊರಟಿತು. ಅಂಗಿಗಳು ಮುದುರಿದ್ದವು, ಬೆನ್ನ ಮೇಲೆಲ್ಲ ತುಕ್ಕಿನ ಕಲೆ. ಮಕ್ಕಳು ಮುಖ್ಯರಸ್ತೆಯ ತನಕ ಹಿಂದೆ ಓಡಿದರು. ಬೇಡಮ್ಮ ಮೇಜಿನ ಪಕ್ಕದಲ್ಲೇ ನಿಂತಿದ್ದಳು. ಅಂದು ಮತ್ತೆ ಕೆಂಡ ಹೊತ್ತಿಸಲಿಲ್ಲ.

ಸಂಜೆ ನಾನು ಅಂಗಡಿ ಮುಚ್ಚುವ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದಳು. “ಟೈಲರಪ್ಪ, ಸ್ವಲ್ಪ ಜೊತೆಗೆ ಬರ್ತೀಯಾ?” ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಕ್ಯಾಂಟೀನಿನವಳು ಆಗಷ್ಟೇ ಕೆಲಸದಿಂದ ಬಂದು ಅಡುಗೆಗೆ ನಿಂತಿದ್ದಳು. ಬಾಗಿಲಲ್ಲಿ ನಮ್ಮನ್ನು ಕಂಡು ಸೌಟು ಹಿಡಿದೇ ಬಂದಳು. ಹಿಂದಿನಿಂದ ಲಾಯರು ಇಣುಕಿದಳು. ಒಳಗೆ ಬನ್ನಿ ಎಂದು ತಾಯಿ ಹೇಳಲಿಲ್ಲ. ಹೇಳದಿದ್ದುದಕ್ಕೆ ನಾನು ಅವಳನ್ನು ತಪ್ಪು ತಿಳಿಯಲಾರೆ.

“ನಿನ್ನ ಕೇಳ್ದೆ ನಿನ್ನ ಮಗಳನ್ನ ನನ್ನ ಮೊಮ್ಮಗಳು ಅಂದ್ಬಿಟ್ಟೆ,” ಎಂದಳು ಬೇಡಮ್ಮ. “ಹತ್ತು ಜನರ ಮುಂದೆ.”

“ಗೊತ್ತು.”

“ಮಿಷನ್‌ನವರು ಹೋದ್ರು. ಇನ್ನು ಹಾಗೆ ಹೇಳೋ ಅಗತ್ಯ ಇಲ್ಲ.” ಆಕೆ ಅಲ್ಲಿಗೆ ನಿಂತಳು. ಮುಂದಿನದನ್ನು ಹೇಳಲು ಆಕೆ ಪಡುತ್ತಿದ್ದ ಪಾಡು ನೋಡಲಾರದೆ ನಾನು ಚರಂಡಿಯ ಕಡೆ ನೋಡಿದೆ. “ಆದ್ರೆ ಅದು ಸುಳ್ಳಾಗೋದು ನಂಗೆ ಇಷ್ಟ ಇಲ್ಲ. ಹಾಗೇ ಇರ್ಲಿ ಅಂತೀಯಾ ಅಂತ ಕೇಳೋಕೆ ಬಂದೆ.”

ಕ್ಯಾಂಟೀನಿನವಳು ಕೈಯಲ್ಲಿದ್ದ ಸೌಟನ್ನು ಸೆರಗಿಗೆ ಒರೆಸಿದಳು. ಬೇಡ ಎನ್ನಲು ಅವಳಿಗೆ ಎಲ್ಲ ಹಕ್ಕೂ ಇತ್ತು. ಎಂದುಬಿಡುತ್ತಾಳೇನೋ ಎಂದು ನಾನು ಹೆದರಿದ್ದೆ.

“ಅವಳು ನಿಮಗೆ ಮೊಮ್ಮಗಳಾದ್ರೆ ನಾನು ಏನಾಗ್ಬೇಕು?” ಎಂದು ಕೊನೆಗೆ ಕೇಳಿದಳು.

“ಮಗಳಾದ್ರೂ ಆಗು, ಸೊಸೆಯಾದ್ರೂ ಆಗು. ನಿನ್ನಿಷ್ಟ.”

“ಸೊಸೆ ಆಗಲ್ಲಪ್ಪ. ಇರೋ ಒಬ್ಬ ಅತ್ತೇನ ಸಂಭಾಳಿಸೋದ್ರಲ್ಲೇ ನಂಗೆ ಸಾಕುಸಾಕಾಗಿದೆ.” ಹೇಳುವಾಗ ಅವಳು ನಗಲಿಲ್ಲ, ಬಾಗಿಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿದಳು. “ಊಟ ಆಯ್ತಾ ಅಮ್ಮ?”

ಬೇಡಮ್ಮ ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತಳು.

“ಇಲ್ಲ ಮಗಳೇ,” ಎಂದಳು. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಹಸಿವಾಗಿದೆ.”